ಮೀನಿನ ಹೆಜ್ಜೆಯನ್ನು ಅರಸಿದವರು

ನಾನು ವಾಸವಾಗಿರುವ ರಾಜಾನುಕುಂಟೆಯು ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ದಾರಿಹೋಕರು ಇಳಿದು ನೋಡುವಂಥ ವಿಶೇಷವೇನೂ ಇಲ್ಲಿಲ್ಲ. ಆದರೆ ಮಳೆಗಾಲದ ಒಂದು ಸಂಜೆ ಊರಾಚೆಯ ದಿಣ್ಣೆಯ ಮೇಲೆ ನಿಂತು ನೋಡಿದವರಿಗೆ ಈ ನೆಲದ ಗುಟ್ಟೊಂದು ತಿಳಿಯುತ್ತದೆ. ಪಡುವಣಕ್ಕೆ ಬಿದ್ದ ನೀರು ಹೆಸರಘಟ್ಟದ ಕಡೆಗೆ ಇಳಿದು ಅರ್ಕಾವತಿಯ ಪಾಲಾಗುತ್ತದೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ತೆಂಕಣಕ್ಕೆ ಇಳಿದ ನೀರಾದರೋ ಸಿಂಗನಾಯಕನಹಳ್ಳಿ, ಯಲಹಂಕ, ಜಕ್ಕೂರುಗಳ ಕೆರೆಸಾಲನ್ನು ಹಿಡಿದು ದಕ್ಷಿಣ ಪಿನಾಕಿನಿಗೆ ಸಲ್ಲುತ್ತದೆ. ಎರಡೂ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಹೊಳೆಗಳೇ. ಆದರೂ ಒಂದೇ ಮೋಡದಿಂದ ಮಾರುದೂರದಲ್ಲಿ ಬಿದ್ದ ಎರಡು ಹನಿಗಳು ಇಲ್ಲಿ ಅಗಲಿದರೆ ಬಂಗಾಳ ಕೊಲ್ಲಿಯನ್ನು ಸೇರುವ ತನಕ ಒಂದನ್ನೊಂದು ಕಾಣಲಾರವು.

ನಮಗೆ ಈ ದಿಣ್ಣೆ ಕೆಲವು ನಿಮಿಷಗಳ ನಡಿಗೆ. ಅರ್ಕಾವತಿಯ ಒಂದು ಪುಟ್ಟ ಮೀನಿಗೆ ಮಾತ್ರ ಇದು ದಾಟಲಾಗದ ಮೇರೆ. ಹಕ್ಕಿ ಹಾರಿ ಹೋಗುತ್ತದೆ; ಬೀಜ ಗಾಳಿಯಲ್ಲಿ ತೇಲುತ್ತದೆ; ಮೃಗ ಕಾಲ್ನಡೆಯಲ್ಲಿ ದೇಶಾಂತರ ಹೋಗುತ್ತದೆ. ಸಿಹಿನೀರಿನ ಮೀನು ನೀರು ಹರಿದಲ್ಲಿಗೆ ಮಾತ್ರ ಹೋಗಬಲ್ಲುದು. ನೆಲ ಅದಕ್ಕೆ ಸಲ್ಲದು, ಉಪ್ಪುನೀರೂ ಸಲ್ಲದು. ಆದ್ದರಿಂದ ಒಂದೇ ಬಗೆಯ ಮೀನು ಎರಡು ಬೇರೆ ನದಿಗಳಲ್ಲಿ ಕಂಡುಬಂದರೆ, ಎಂದೋ ಒಂದು ಕಾಲದಲ್ಲಿ ಆ ನೀರುಗಳು ಕೂಡಿದ್ದಿರಬೇಕೆಂದು ಊಹಿಸಲು ಅವಕಾಶವಾಗುತ್ತದೆ. ನೀರಿನಲ್ಲಿ ಮೀನಿನ ಹೆಜ್ಜೆಯನ್ನು ಬಲ್ಲವರಾರೆಂದು ನಮ್ಮ ಹಿರಿಯರು ಕೇಳುತ್ತಿದ್ದರು. ಬಲ್ಲವರಿಲ್ಲವೆಂಬುದೇ ಆ ಪ್ರಶ್ನೆಯ ಅಭಿಪ್ರಾಯ. ಆದರೆ ಕಳೆದ ಶತಮಾನದಲ್ಲಿ ಆ ಹೆಜ್ಜೆಯನ್ನೇ ಅರಸಿ ತಮ್ಮ ಆಯುಷ್ಯವನ್ನು ಸವೆಸಿದ ಒಬ್ಬ ಮಹನೀಯರಿದ್ದರು. ಅವರ ಹೆಸರು ಸುಂದರಲಾಲ್ ಹೋರಾ.

ಕನ್ನಡ ಬೋಧಿಸುವವನಿಗೆ ಪ್ರಾಣಿಶಾಸ್ತ್ರಜ್ಞರ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ನಾನು ಹೋರಾ ಅವರ ಬಳಿಗೆ ಹೋದದ್ದು ನಮ್ಮದೇ ಆದ ದಾರಿಯಿಂದ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ಮಾನಸೋಲ್ಲಾಸವನ್ನು ಕನ್ನಡ ವಿದ್ಯಾರ್ಥಿಗಳೆಲ್ಲರೂ ಹೆಸರಿನಿಂದಾದರೂ ಬಲ್ಲರು. ಅದರಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವಿದೆ. ಕಡಲಿನ ಮೀನು, ಹೊಳೆಯ ಮೀನು, ಹುರುಪೆಯುಳ್ಳದ್ದು, ಹುರುಪೆಯಿಲ್ಲದ್ದು ಎಂದು ಮೀನುಗಳನ್ನು ವಿಂಗಡಿಸಿ, ಯಾವುದಕ್ಕೆ ಯಾವ ಉಣಿಸು, ಗಾಳವನ್ನು ಹೇಗೆ ಹಾಕಬೇಕು ಎಂಬುದನ್ನೆಲ್ಲ ಆ ಅರಸು ಅಲ್ಲಿ ವಿವರಿಸಿದ್ದಾನೆ. ಅಲ್ಲಿಯ ಮೀನುಗಳ ಹೆಸರುಗಳಲ್ಲಿ ಕೆಲವಾದರೂ ಈ ನಾಡಿನ ಬೆಸ್ತರ ನುಡಿಯಿಂದ ಹೋದವಿರಬಹುದೇ ಎಂಬ ಸಂಶಯ ನನ್ನನ್ನು ಬಹುದಿನ ಕಾಡಿದ್ದಿತು. ಅದನ್ನು ಬೆನ್ನಟ್ಟಿ ಹೋದಾಗ, ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1951ರಲ್ಲಿ ಪ್ರಕಟವಾದ ಒಂದು ಪ್ರಬಂಧ ಕೈಗೆ ಸಿಕ್ಕಿತು. ಬರೆದವರು ಯಾರೋ ಸಂಸ್ಕೃತ ಪಂಡಿತರಿರಬೇಕೆಂದು ಭಾವಿಸಿದ್ದೆ. ವಿಚಾರಿಸಿದರೆ ಅವರು ಭಾರತೀಯ ಪ್ರಾಣಿಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರು! ಅಶೋಕನ ಸ್ತಂಭಶಾಸನಗಳಲ್ಲಿ ಬರುವ ಮೀನುಗಳನ್ನು ಕುರಿತೂ, ಮೀನಿನ ಆಕಾರಕ್ಕೂ ಅದರ ಚಲನೆಗೂ ಇರುವ ಸಂಬಂಧದ ಬಗ್ಗೆ ಪ್ರಾಚೀನ ಭಾರತೀಯರಿಗಿದ್ದ ತಿಳಿವಳಿಕೆಯನ್ನು ಕುರಿತೂ ಅವರು ಬರೆದಿದ್ದರು. ಹೊಳೆಯ ಮೀನು, ಕೆರೆಯ ಮೀನು, ಬೆಟ್ಟದ ಒರತೆಯ ಮೀನು ಇವುಗಳ ಮೈಕಟ್ಟು ಒಂದೇ ತೆರನಲ್ಲವೆಂಬುದನ್ನು ಸುಶ್ರುತನು ಗಮನಿಸಿದ್ದನು. ಅವನು ಗಮನಿಸಿದ್ದನ್ನೇ ಹೋರಾ ಅವರು ಹೊಳೆಗಿಳಿದು ಪರೀಕ್ಷಿಸಿದವರು.

ಅವರು ಹುಟ್ಟಿದ್ದು 1896ರ ಮೇ 22ರಂದು, ಪಂಜಾಬಿನ ಹಾಫಿಜಾಬಾದಿನಲ್ಲಿ. ಶಾಲೆಯ ವಿದ್ಯಾಭ್ಯಾಸ ಜಲಂಧರದಲ್ಲಿ. ಕಾಲೇಜಿನ ವ್ಯಾಸಂಗ ಲಾಹೋರಿನಲ್ಲಿ. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದ ಆ ಕಾಲದ ತರುಣನಿಗೆ ಉಪಾಧ್ಯಾಯ ವೃತ್ತಿಯೊಂದೇ ಸಹಜವಾದ ದಾರಿಯಾಗಿದ್ದಿತು. ಆದರೆ 1919ರಲ್ಲಿ ಲಾಹೋರಿಗೆ ಬಂದ ಒಬ್ಬ ಅತಿಥಿಯಿಂದ ಅವರ ಬಾಳಿನ ದಿಕ್ಕು ಬದಲಾಯಿತು. ಆ ಅತಿಥಿ ಥಾಮಸ್ ನೆಲ್ಸನ್ ಆ್ಯನಂಡೇಲ್. 1916ರಲ್ಲಿ ಸ್ಥಾಪಿತವಾದ ಪ್ರಾಣಿಸರ್ವೇಕ್ಷಣ ಸಂಸ್ಥೆಯ ಮೊದಲ ನಿರ್ದೇಶಕರು. ಕಾಲೇಜಿನಲ್ಲಿ ಹೋರಾ ಅವರನ್ನು ಕಂಡು ಮೆಚ್ಚಿದ ಅವರು ಕಲ್ಕತ್ತೆಗೆ ಬರಹೇಳಿದರು. ಐದು ಹೊಳೆಗಳ ನಾಡಿನಿಂದ ಹೊರಟ ತರುಣ ಗಂಗೆಯ ಮುಖಜಭೂಮಿಯನ್ನು ಸೇರಿದರು. ಎರಡೇ ವರ್ಷಗಳಲ್ಲಿ, 1921ರಲ್ಲಿ, ಮೀನುಗಳ ಹಾಗೂ ಸರೀಸೃಪಗಳ ವಿಭಾಗದ ಹೊಣೆ ಅವರ ಹೆಗಲಿಗೆ ಬಿದ್ದಿತು. ಗುರುಸಮಾನರಾದ ಆ್ಯನಂಡೇಲರು 1924ರಲ್ಲಿಯೇ ತೀರಿಕೊಂಡರು. ಅವರು ತೋರಿಸಿದ್ದ ದಾರಿ ಶಿಷ್ಯರಿಗೆ ಕಡೆಯವರೆಗೂ ಉಳಿಯಿತು.

ಆ ದಾರಿ ಮೊದಲು ಅವರನ್ನು ಮಣಿಪುರದ ಕಣಿವೆಗೂ ನಾಗಾಬೆಟ್ಟಗಳಿಗೂ ಕೊಂಡೊಯ್ದಿತು. ಮಣಿಪುರದ ಮೀನುಗಳ ಮೇಲಿನ ಅವರ ಬರಹ 1921ರಲ್ಲಿ ಬೆಳಕು ಕಂಡಿತು. ಬೆಟ್ಟದ ತೊರೆಯೆಂದರೇನು? ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ತಿಕದಲ್ಲಿ ಪಾದ ತೋಯಿಸುವಷ್ಟು ಹರಿಯುವ ಹಳ್ಳವು ಆಷಾಢದಲ್ಲಿ ಮರದ ದಿಮ್ಮಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಅಲ್ಲಿ ಬಾಳುವ ಮೀನಿಗೆ ಈಜುವ ಜಾಣ್ಮೆಗಿಂತ ನಿಲ್ಲುವ ಜಾಣ್ಮೆ ದೊಡ್ಡದು. ಕಾಲ ಕಳೆದಂತೆ ಅದರ ಹೊಟ್ಟೆ ಚಪ್ಪಟೆಯಾಗಿದೆ. ಪಕ್ಕದ ಈಜುರೆಕ್ಕೆಗಳು ಬೀಸಣಿಗೆಯಂತೆ ಅಗಲವಾಗಿ ಹರಡಿ ಬಂಡೆಯನ್ನು ಅಪ್ಪುತ್ತವೆ. ಕಣ್ಣುಗಳು ತಲೆಯ ಮೇಲ್ಭಾಗಕ್ಕೆ ಸರಿದಿವೆ. ಮೀನನ್ನು ತೇಲಿಸುವ ಗಾಳಿಚೀಲ ಇಲ್ಲಿ ಕುಗ್ಗಿಹೋಗಿದೆ. ತೇಲಿದರೆ ಕೊಚ್ಚಿಹೋಗುವ ಸ್ಥಳದಲ್ಲಿ ತೇಲುವ ಸಾಧನದಿಂದ ಲಾಭವೇನು? ಕೆಲವಕ್ಕೆ ಗದ್ದದಡಿಯಲ್ಲಿ ಬಿಲ್ಲೆಯಂಥ ಅಂಗವುಂಟು. ಕೆಲವಕ್ಕೆ ಎದೆಯ ಚರ್ಮ ನೆರಿಗೆಗಟ್ಟಿ ಬಂಡೆಗೆ ಅಂಟಿಕೊಳ್ಳಲು ನೆರವಾಗುತ್ತದೆ. ಈ ರಚನೆಗಳನ್ನು ಒಂದೊಂದಾಗಿ ಪರಿಶೀಲಿಸಿ, ಬಂಡೆಯೂ ಪ್ರವಾಹವೂ ಸೇರಿ ಮೀನಿನ ಮೈಯನ್ನು ಹೇಗೆ ತಿದ್ದುತ್ತವೆ ಎಂಬುದನ್ನು ಅವರು ನಿರೂಪಿಸಿದರು. ಎಡಿನ್‌ಬರೊ ವಿಶ್ವವಿದ್ಯಾಲಯದಿಂದ 1928ರಲ್ಲಿ ಡಿ.ಎಸ್‌ಸಿ. ಪದವಿ ಬಂದಿತು, ಮರುವರ್ಷ ಎಡಿನ್‌ಬರೊದ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ರಭಸದ ತೊರೆಗಳ ಜೀವಿಗಳನ್ನು ಕುರಿತ ಅವರ ದೀರ್ಘ ಪ್ರಬಂಧ 1930ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಗ್ರಂಥಮಾಲೆಯಲ್ಲಿ ಅಚ್ಚಾಯಿತು.

ಇಷ್ಟಕ್ಕೇ ನಿಂತಿದ್ದರೂ ಅವರು ನೆನಪಿನಲ್ಲಿ ಉಳಿಯುತ್ತಿದ್ದರು. ಆದರೆ ಮೈಸೂರು ಸೀಮೆಯ ಮೀನುಗಳು ಅವರ ಮುಂದೆ ಮತ್ತೊಂದು ಒಗಟನ್ನು ಇಟ್ಟವು. ಮೈಸೂರು ಮತ್ತು ಕೊಡಗಿನಿಂದ ಬಂದ ಮೂರು ಸಂಗ್ರಹಗಳನ್ನು ಅವರು 1937ರಲ್ಲಿ ವಿವರಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿದ, ಕರೆಂಟ್ ಸೈನ್ಸ್ ಪತ್ರಿಕೆಯ ಸಂಪಾದಕರಾಗಿದ್ದ ಸಿ. ಆರ್. ನಾರಾಯಣರಾಯರ ಹೆಸರನ್ನು ಕೊಡಗಿನ ಕಾವೇರಿಯ ಒಂದು ಚಿಕ್ಕ ಮೀನಿಗೆ ಇಟ್ಟದ್ದು ಆ ಸಂದರ್ಭದಲ್ಲಿಯೇ. ಭಾರತದ ಸಿಹಿನೀರಿನ ಮೀನುಗಳ ಹರವು ಹಿಂದಿನ ಭೂಸಂಪರ್ಕಗಳ ಬಗ್ಗೆ ಏನು ಹೇಳುತ್ತದೆ ಎಂಬ ಅವರ ಲೇಖನವೂ ಅದೇ ವರ್ಷ, ನಮ್ಮ ಬೆಂಗಳೂರಿನ ಆ ಪತ್ರಿಕೆಯಲ್ಲಿಯೇ ಪ್ರಕಟವಾಯಿತು. ಬಳಿಕ 1941ರಲ್ಲಿ ಶಿವಮೊಗ್ಗೆಯಿಂದ ದೊರೆತ ಬಂಡೆಗಂಟುವ ಮೀನೊಂದನ್ನು ಅವರು ವರ್ಣಿಸಿದರು. ಬಾಲಿಟೋರಾ ಎಂಬ ಅದರ ಕುಲ ಪೂರ್ವ ಹಿಮಾಲಯದ ತೊರೆಗಳಿಗೂ ಬರ್ಮಾದ ಆಚೆಯ ಬೆಟ್ಟಗಳಿಗೂ ಸೇರಿದ್ದು. ಶಿವಮೊಗ್ಗೆಯದು ಹಿಮಾಲಯದ ಮೀನನ್ನು ಎಷ್ಟು ಹೋಲುತ್ತಿದ್ದಿತೆಂದರೆ, ಅವರು ಅದನ್ನು ಬೇರೆ ಪ್ರಭೇದವೆಂದು ಕರೆಯದೆ, ಅದರದೇ ಮೈಸೂರಿನ ಬಗೆ ಎಂದು ಹೆಸರಿಸಿದರು. ಈಗ ಅದನ್ನು ಪ್ರತ್ಯೇಕ ಪ್ರಭೇದವೆಂದು ಎಣಿಸುತ್ತಾರೆ.

ಒಗಟು ಇರುವುದು ಇಲ್ಲಿಯೇ. ತುಂಗೆಯ ಸೀಮೆಗೂ ಪೂರ್ವ ಹಿಮಾಲಯಕ್ಕೂ ನಡುವೆ ಎರಡು ಸಾವಿರ ಕಿಲೋಮೀಟರುಗಳಷ್ಟು ನೆಲ. ಅದರಲ್ಲಿ ದಖ್ಖಣದ ಒಣಭೂಮಿಯಿದೆ, ಗಂಗೆಯ ಬಯಲಿದೆ. ಬಂಡೆಯನ್ನು ಅಪ್ಪಿ ಬದುಕುವ ಮೀನಿಗೆ ಕೆಸರುತಳದ ನಿಧಾನವಾದ ನದಿ ಮರುಭೂಮಿಗೆ ಸಮಾನ. ವೈನಾಡಿನ ಒಂದು ಬಾಳೆಮೀನಿನ ಬಂಧುವೂ, ಬಟಾಸಿಯೋ ಎಂಬ ಚಿಕ್ಕ ಮೀಸೆಮೀನುಗಳೂ ಇದೇ ಕಥೆಯನ್ನು ಹೇಳುತ್ತಿದ್ದವು: ನೆಂಟರು ಈಶಾನ್ಯದಲ್ಲಿ, ತಾವು ಸಹ್ಯಾದ್ರಿಯಲ್ಲಿ, ನಡುವೆ ಬರಿದು. ಬಟಾಸಿಯೋಗಳಲ್ಲಿ ಒಂದು ಪ್ರಭೇದವಂತೂ ನಮ್ಮ ಶರಾವತಿಯಿಂದಲೇ 2004ರಲ್ಲಿ ಹೊಸದಾಗಿ ವರ್ಣಿತವಾಯಿತು.

ಭಾಷೆಯ ಇತಿಹಾಸವನ್ನು ಓದಿದವರಿಗೆ ಇದು ಅಪರಿಚಿತವಾದ ಒಗಟಲ್ಲ. ಬಲೂಚಿಸ್ತಾನದ ಬ್ರಾಹುಯಿ ನಮ್ಮ ನುಡಿಯ ಬಳಗದ್ದು. ಸುತ್ತ ಬೇರೆ ವಂಶದ ಭಾಷೆಗಳು; ನಡುವೆ ಅದು ಒಂಟಿ. ಅದು ಒಂದಾನೊಂದು ಕಾಲಕ್ಕೆ ಎಲ್ಲೆಡೆ ಹಬ್ಬಿದ್ದ ದ್ರಾವಿಡದ ಅಳಿದುಳಿದ ತುಣುಕೋ, ಅಥವಾ ಈಚಿನ ವಲಸೆಯ ಫಲವೋ ಎಂಬ ವಿವಾದ ಇನ್ನೂ ತೀರಿಲ್ಲ. ಗಂಗೆ ತಿರುವು ಹೊರಳುವ ರಾಜಮಹಲ್ ಬೆಟ್ಟಗಳಲ್ಲಿ ಮಾಲ್ತೋ, ಛೋಟಾನಾಗಪುರದಲ್ಲಿ ಕುರುಖ್ ಇವೆರಡೂ ನಮ್ಮ ದಾಯಾದಿ ಭಾಷೆಗಳೇ. ತಮ್ಮ ಪೂರ್ವಿಕರು ಕರ್ಣಾಟದಿಂದ ಹೊರಟು ನರ್ಮದೆಯ ದಾರಿಯಾಗಿ ಶೋಣ ನದಿಯ ತೀರಕ್ಕೆ ಬಂದರೆಂದೂ, ಅಲ್ಲಿಂದ ಒಂದು ಗುಂಪು ರಾಜಮಹಲಿಗೆ ಹೋಯಿತೆಂದೂ ಆ ಜನರಲ್ಲಿ ಐತಿಹ್ಯವಿದ್ದುದನ್ನು ಗ್ರಿಯರ್ಸನ್ನರ ಭಾಷಾಸರ್ವೇಕ್ಷಣೆ ದಾಖಲಿಸಿದೆ. ತುಂಡಾಗಿ ಹರಡಿದ್ದನ್ನು ಕಂಡಾಗ ಕೇಳಬೇಕಾದ ಪ್ರಶ್ನೆ ಮೀನಿಗೂ ಮಾತಿಗೂ ಒಂದೇ: ನಡುವಿನದು ಅಳಿಯಿತೋ, ತುದಿಯದು ನಡೆದು ಬಂತೋ?

ಎರಡೂ ನಡೆದಿವೆ ಎಂಬುದು ಹೋರಾ ಅವರ ಉತ್ತರ. ಆ ಉತ್ತರವೇ ಸಾತ್ಪುರ ಸಿದ್ಧಾಂತವೆಂದು ಹೆಸರಾಯಿತು. ಅವರ ಮತದಂತೆ ಈ ಮೀನುಗಳ ತವರು ಚೀನದ ದಕ್ಷಿಣಭಾಗ ಹಾಗೂ ಇಂಡೋಚೀನದ ಬೆಟ್ಟಸೀಮೆ. ಹಿಮಾಲಯವೂ ಅಸ್ಸಾಮಿನ ಬೆಟ್ಟಗಳೂ ಮೇಲೇಳುತ್ತ ಹೋದಂತೆ ಹೊಳೆಗಳ ಪಾತ್ರ ಬದಲಾಯಿತು. ಒಂದು ಹೊಳೆಯ ತಲೆಯನ್ನು ಪಕ್ಕದ ಹೊಳೆ ಕೊರೆದು ತನ್ನದಾಗಿಸಿಕೊಂಡಿತು. ಆ ಹೊಳೆಯ ಜೊತೆಯಲ್ಲಿ ಮೀನೂ ನೆರೆಮನೆಯ ಪಾಲಾಯಿತು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ದಾಟುತ್ತ ಗಾರೋ ಬೆಟ್ಟ, ಅಲ್ಲಿಂದ ರಾಜಮಹಲ್, ವಿಂಧ್ಯ-ಸಾತ್ಪುರಗಳ ಸಾಲು, ಅದರ ಪಡುವಣ ತುದಿಯಿಂದ ಸಹ್ಯಾದ್ರಿ, ಸಹ್ಯಾದ್ರಿಯ ಬೆನ್ನು ಹಿಡಿದು ತೆಂಕಣಕ್ಕೆ ಮಲೆನಾಡು, ಕೊಡಗು, ತಿರುವಾಂಕೂರು ಇದು ಮೀನಿನ ಹೆಜ್ಜೆಯ ದಾರಿ. ಕುರುಖರ ಐತಿಹ್ಯ ಯಾವ ದಾರಿಯಲ್ಲಿ ಮೇಲೆ ಹೋಗಿತ್ತೋ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೋರಾ ಅವರ ಮೀನು ಕೆಳಗಿಳಿದು ಬಂದಿತು.

ಈ ದಾರಿಯಲ್ಲಿ ಎರಡು ಅಡ್ಡಿಗಳಿದ್ದವು. ಗಾರೋ ಬೆಟ್ಟಕ್ಕೂ ರಾಜಮಹಲಿಗೂ ನಡುವೆ ಈಗ ಸುಮಾರು ಇನ್ನೂರು ಕಿಲೋಮೀಟರು ಅಗಲದ ತಗ್ಗು; ಅದರಲ್ಲಿ ಗಂಗೆ, ಬ್ರಹ್ಮಪುತ್ರಗಳು ಹೊತ್ತು ತಂದ ಮೆಕ್ಕಲುಮಣ್ಣು ತುಂಬಿದೆ. ಮೆಕ್ಕಲಿನಡಿಯಲ್ಲಿ ಶಿಲ್ಲಾಂಗ್ ಪ್ರಸ್ಥಭೂಮಿಯ ಕಲ್ಲೂ ಪರ್ಯಾಯದ್ವೀಪದ ಕಲ್ಲೂ ಒಂದೇ ಮೂಲದವೆಂದು ಭೂಗರ್ಭಶಾಸ್ತ್ರಜ್ಞರು ಒಪ್ಪಿದ್ದರು. ಆ ನೆಲ ಕುಸಿದದ್ದು ಯಾವಾಗ? ಮೀನುಗಳು ಪರಸ್ಪರ ಇಷ್ಟು ಹೋಲುವುದರಿಂದ ಅವು ಅಗಲಿ ಬಹುಕಾಲವಾಗಿರಲಾರದು. ಆದ್ದರಿಂದ ಕುಸಿತವೂ ಈಚಿನದೇ ಎಂದು 1944ರಲ್ಲಿ ಅವರು ವಾದಿಸಿದರು. ಕಲ್ಲಿನಿಂದ ಜೀವಿಯ ವಯಸ್ಸನ್ನು ಹೇಳುವುದು ವಾಡಿಕೆ. ಇವರು ಮೀನಿನಿಂದ ನೆಲದ ವಯಸ್ಸನ್ನು ಹೇಳಲು ಹೊರಟರು. ಇನ್ನೊಂದು ಅಡ್ಡಿ ಹವೆಯದು. ಇಂದಿನ ಸಾತ್ಪುರದಲ್ಲಿ ವರ್ಷವಿಡೀ ಭೋರ್ಗರೆಯುವ ತೊರೆಗಳು ವಿರಳ. ಹಿಮಯುಗಗಳ ಕಾಲದಲ್ಲಿ ಆ ಬೆಟ್ಟಗಳು ಇನ್ನೂ ಎತ್ತರವಾಗಿಯೂ, ತಂಪಾಗಿಯೂ, ಮಳೆಯಿಂದ ತೊಯ್ದೂ ಇದ್ದಿರಬೇಕು. ಹಿಮಯುಗ ಬಂದಾಗಲೆಲ್ಲ ಮೀನುಗಳ ಒಂದೊಂದು ಅಲೆ ಮುಂದೆ ಸರಿದಿರಬೇಕು. ಹಿಮ ಹಿಂಜರಿದು ನೆಲ ಒಣಗಿದಾಗ ನಡುವಿನವು ಅಳಿದು, ಮಳೆ ತಪ್ಪದ ಸಹ್ಯಾದ್ರಿಯಲ್ಲಿ ತುದಿಯವು ಉಳಿದಿರಬೇಕು ಎಂದು ಅವರು ಊಹಿಸಿದರು. ನೆಲ ದಾರಿಯನ್ನು ಕಟ್ಟಿತು; ಮಳೆ ಆ ದಾರಿಯ ಬಾಗಿಲನ್ನು ತೆರೆಯಿತು, ಮುಚ್ಚಿತು.

ನಮ್ಮ ನಾಡಿನವರು ಈ ಶೋಧದಲ್ಲಿ ಹಿಂದೆ ಬೀಳಲಿಲ್ಲ. ಬಿ. ಎಸ್. ಭೀಮಾಚಾರ್ ಅವರು ಸುಬ್ಬರಾಯರೊಡನೆ ಕಡೂರು ಜಿಲ್ಲೆಯ, ಎಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯ, ಮೀನುಗಳನ್ನು 1941ರಲ್ಲಿ ಪಟ್ಟಿಮಾಡಿದರು. ತೊರೆಯ ಮೀನುಗಳ ಹರವನ್ನು ಆಧರಿಸಿ ಪಶ್ಚಿಮಘಟ್ಟವನ್ನು ವಲಯಗಳಾಗಿ ವಿಂಗಡಿಸಿದ ಅವರ ಲೇಖನ 1945ರಲ್ಲಿ ಕರೆಂಟ್ ಸೈನ್ಸಿನಲ್ಲಿ ಬಂದಿತು.

ಹೋರಾ ಅವರ ಬದುಕಿನಲ್ಲಿ ಆ ವರ್ಷಗಳು ನಿಶ್ಚಿಂತೆಯವಾಗಿರಲಿಲ್ಲ. ಯುದ್ಧಭಯದಿಂದ 1942ರಲ್ಲಿ ಪ್ರಾಣಿಸರ್ವೇಕ್ಷಣ ಸಂಸ್ಥೆಯನ್ನು ಕಲ್ಕತ್ತೆಯಿಂದ ಕಾಶಿಗೆ ಸಾಗಿಸಲಾಯಿತು. ಮರುವರ್ಷ ವರುಣಾ ನದಿಯ ನೆರೆ ನುಗ್ಗಿ ಸಂಗ್ರಹಗಳಲ್ಲಿ ಎಷ್ಟೋ ಹಾಳಾದವು. ಹೊಳೆಗಳ ಜೀವಿಗಳನ್ನು ಗಾಜಿನ ಭರಣಿಗಳಲ್ಲಿ ಕಾಪಿಟ್ಟಿದ್ದ ಸಂಸ್ಥೆಗೆ ಹೊಳೆಯೇ ಎರವಾಯಿತು. ಅಷ್ಟರಲ್ಲಿ ಹೋರಾ ಅವರು ಬಂಗಾಳ ಪ್ರಾಂತದ ಮೀನುಗಾರಿಕೆಯ ನಿರ್ದೇಶಕರಾಗಿ ನಿಯುಕ್ತರಾಗಿದ್ದರು. ಆ ಪ್ರಾಂತ 1943ರಲ್ಲಿ ಕಂಡ ಕ್ಷಾಮವನ್ನು ವರ್ಣಿಸಬೇಕಾಗಿಲ್ಲ. ಮೀನು ಯಾವ ಬೆಟ್ಟದಿಂದ ಬಂದಿತೆಂದು ಯೋಚಿಸುತ್ತಿದ್ದವರು ಈಗ ಕೆರೆಕುಂಟೆಗಳಲ್ಲಿ ಮೀನನ್ನು ಬೆಳೆಸುವ ಯೋಚನೆ ಮಾಡಬೇಕಾಯಿತು. ಮುಂದೆ ಟಿ. ವಿ. ಆರ್. ಪಿಳ್ಳೈ ಅವರೊಡನೆ ಅವರು ಸಿದ್ಧಪಡಿಸಿದ ಮೀನು ಸಾಕಣೆಯ ಕೈಪಿಡಿ, ಅವರು ತೀರಿಕೊಂಡ ಮೇಲೆ, 1962ರಲ್ಲಿ ಆಹಾರ ಮತ್ತು ಕೃಷಿ ಸಂಸ್ಥೆಯಿಂದ ಪ್ರಕಟವಾಯಿತು.

ಪ್ರಾಣಿಸರ್ವೇಕ್ಷಣ ಸಂಸ್ಥೆಗೆ ಮುಖ್ಯಸ್ಥರಾಗಿ ಅವರು ಮರಳಿದ್ದು 1947ರಲ್ಲಿ. ಹುಟ್ಟಿದ ಹಾಫಿಜಾಬಾದೂ ಓದಿದ ಲಾಹೋರೂ ಆ ವರ್ಷವೇ ಬೇರೆ ರಾಷ್ಟ್ರಕ್ಕೆ ಸೇರಿದವು. ಹಿಂದೆ ಕೂಡಿದ್ದ ನೆಲಗಳು ಹೇಗೆ ಅಗಲಿದವೆಂದು ಮೀನುಗಳನ್ನು ಕೇಳುತ್ತಿದ್ದವರ ಕಣ್ಣೆದುರಿಗೆ, ಅವರ ತವರಿನ ಹೊಳೆಗಳ ನಡುವೆಯೇ ಗಡಿಯೊಂದು ಬಿದ್ದಿತು. ಆ ಬಳಿಕವೂ ಅವರ ಲೇಖನಿ ನಿಲ್ಲಲಿಲ್ಲ. ಸಾತ್ಪುರ ಸಿದ್ಧಾಂತವನ್ನು ಅವರು ರಾಷ್ಟ್ರೀಯ ವಿಜ್ಞಾನ ಪರಿಷತ್ತಿನ ಮುಂದೆ ವಿಚಾರಗೋಷ್ಠಿಗೆ ಒಡ್ಡಿದರು. ಆ ಚರ್ಚೆಗಳು 1949ರಲ್ಲಿ ಅಚ್ಚಾದವು. ಭೂಗರ್ಭಶಾಸ್ತ್ರ ತಜ್ಞ ಆಡೆನ್ನರೂ ಅದರಲ್ಲಿ ತಮ್ಮ ಶಾಸ್ತ್ರದ ಕಡೆಯಿಂದ ಈ ಊಹೆಯನ್ನು ಪರಿಶೀಲಿಸಿದರು. ತಮ್ಮ ಊಹೆಯನ್ನು ಬೇರೆ ಶಾಸ್ತ್ರದವರ ಪರೀಕ್ಷೆಗೆ ತಾವಾಗಿ ತಂದಿಡುವುದು ವಿದ್ವಾಂಸರೆಲ್ಲರಿಂದ ಆಗುವ ಕೆಲಸವಲ್ಲ. ಅವರು 1955ರ ಡಿಸೆಂಬರ್ 8ರಂದು ಕಲ್ಕತ್ತೆಯಲ್ಲಿ ನಿಧನರಾದರು. ಆಗ ಅವರಿಗೆ ಐವತ್ತೊಂಬತ್ತು ವರ್ಷ.

ಮುಂದೆ ನಡೆದುದನ್ನು ಹೇಳದಿದ್ದರೆ ಈ ಚರಿತ್ರೆ ಅರ್ಧವಾದೀತು. ಅವರು ಕಣ್ಮುಚ್ಚಿದ ಹದಿನೈದು ವರ್ಷಗಳೊಳಗೆ ಭೂಮಿಯ ಚರಿತ್ರೆಯನ್ನೇ ಹೊಸದಾಗಿ ಬರೆಯಲಾಯಿತು. ಖಂಡಗಳು ಚಲಿಸುತ್ತವೆ ಎಂಬುದು ಸ್ಥಿರಪಟ್ಟಿತು. ನಮ್ಮ ಪರ್ಯಾಯದ್ವೀಪವು ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರಿನಿಂದ ಬಿಡಿಸಿಕೊಂಡು, ಬಡಗಣಕ್ಕೆ ತೇಲಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಕ್ಕೆ ತಗುಲಿತು. ಆ ಒತ್ತಡದಿಂದ ಎದ್ದದ್ದೇ ಹಿಮಾಲಯ. ಹಾಗಾದರೆ ಸಹ್ಯಾದ್ರಿಯ ಎಲ್ಲ ಜೀವಿಗಳೂ ಈಶಾನ್ಯದಿಂದ ನಡೆದು ಬಂದವೇನೂ ಅಲ್ಲ. ಕೆಲವು ಈ ನೆಲದೊಡನೆಯೇ ತೇಲಿ ಬಂದವು. ಕೇರಳದ ನೆಲದಡಿಯ ನೀರಿನಿಂದ 2019ರಲ್ಲಿ ಬೆಳಕಿಗೆ ಬಂದ ಹಾವಿನ ಆಕಾರದ ಒಂದು ಮೀನಿನ ವಂಶ, ತನ್ನ ಹತ್ತಿರದ ಬಂಧುಗಳಿಂದ ಅಗಲಿ 10 ಕೋಟಿ ವರ್ಷಗಳಾಗಿರಬಹುದೆಂಬ ಅಂದಾಜಿದೆ. ಸಾತ್ಪುರ ಈಚಿನ ಹಿಮಯುಗಗಳಲ್ಲಿ ಅಷ್ಟು ಎತ್ತರವಾಗಿದ್ದಿತೆಂಬುದಕ್ಕೆ ಭೂಗರ್ಭಶಾಸ್ತ್ರದ ಬೆಂಬಲ ದೊರೆಯಲಿಲ್ಲ. ಜೀವಕೋಶದ ವಂಶತಂತುಗಳನ್ನು ಓದುವ ಈ ಕಾಲದ ಸಂಶೋಧಕರು, ಎಲ್ಲ ಜೀವಿಗಳಿಗೂ ಒಂದೇ ದಾರಿ ಒಂದೇ ಕಾಲ ಸಲ್ಲದೆಂದೂ, ಒಂದೊಂದು ವಂಶದ ಕಥೆಯನ್ನು ಬೇರೆಬೇರೆಯಾಗಿಯೇ ಕೇಳಬೇಕೆಂದೂ ಹೇಳುತ್ತಾರೆ. ಹಲವು ಅಗಲಿಕೆಗಳು ಹಿಮಯುಗಗಳಿಗಿಂತ ಬಹು ಹಿಂದಿನವು. ಹೋಲಿಕೆ ಹೆಚ್ಚಿದ್ದರೆ ಅಗಲಿಕೆ ಈಚಿನದು ಎಂಬ ಲೆಕ್ಕ ತೊರೆಯ ಮೀನುಗಳ ವಿಷಯದಲ್ಲಿ ನಂಬತಕ್ಕದ್ದಲ್ಲ. ಒಂದೇ ಬಗೆಯ ಬಂಡೆ, ಒಂದೇ ಬಗೆಯ ಪ್ರವಾಹ ಮೈಯನ್ನು ಒಂದೇ ಅಚ್ಚಿನಲ್ಲಿ ಉಳಿಸಬಲ್ಲವು. ಬಂಡೆ ಮೀನಿನ ಮೈಯನ್ನು ತಿದ್ದುತ್ತದೆಂದು ತೋರಿಸಿಕೊಟ್ಟವರು ಹೋರಾ ಅವರೇ ಎಂಬುದು ಇಲ್ಲಿಯ ವಿಶೇಷ.

ಇದನ್ನೆಲ್ಲ ಒಂದು ದಿನ ತರಗತಿಯಲ್ಲಿ, ಮಾನಸೋಲ್ಲಾಸದ ಪ್ರಸ್ತಾಪ ಬಂದಾಗ, ಹೇಳಿದ್ದೆ. ಭಾಷೆಯ ಪತ್ರಿಕೆಗಾಗಿ ಕನ್ನಡ ಓದುತ್ತಿದ್ದ ವಿಜ್ಞಾನದ ವಿದ್ಯಾರ್ಥಿಯೊಬ್ಬ ತರಗತಿ ಮುಗಿದ ಮೇಲೆ ಹಿಂದೆಯೇ ಬಂದ. ಮೂವತ್ತು ವರ್ಷ ದುಡಿದು ಕಟ್ಟಿದ ಸಿದ್ಧಾಂತ ನಿಲ್ಲಲಿಲ್ಲವೆಂದರೆ ಆ ಬದುಕೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಯಿತಲ್ಲವೇ ಸಾರ್ ಎಂದು ಕೇಳಿದ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ಸಂಶೋಧನೆಗೆ ಹೋಗಬೇಕೋ ಬೇಡವೋ ಎಂದು ಅವನು ತೂಗುತ್ತಿದ್ದನೆಂಬುದು ನನಗೆ ಗೊತ್ತಿದ್ದಿತು. ಥಟ್ಟನೆ ಉತ್ತರ ಹೊಳೆಯಲಿಲ್ಲ. ದಾರಿಯುದ್ದಕ್ಕೂ ಆ ಪ್ರಶ್ನೆ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತು ರಾಜಾನುಕುಂಟೆಯವರೆಗೂ ಬಂದಿತು.

ಹೊಳೆಯದಿದ್ದುದಕ್ಕೆ ಕಾರಣ ನನ್ನ ಹಳೆಯ ಗಾಯ. ಎಂ.ಎ. ಮುಗಿಸಿದ ಹೊಸತರಲ್ಲಿ ಮಾಲ್ತೋ ಜನರ ಆ ಐತಿಹ್ಯವನ್ನು ನಂಬಿ, ಅವರ ಪೂರ್ವಿಕರು ಕನ್ನಡನಾಡಿನಿಂದಲೇ ಹೋದರೆಂದು ಸಾಧಿಸಲು ಒಂದು ದೀರ್ಘ ಲೇಖನ ಬರೆದಿದ್ದೆ. ಹಿರಿಯ ವಿದ್ವಾಂಸರೊಬ್ಬರು ಅದನ್ನು ಓದಿ, ಐತಿಹ್ಯವನ್ನು ಪ್ರಮಾಣವೆಂದು ಹಿಡಿದದ್ದು ತಪ್ಪೆಂದೂ, ನಾನು ಕೊಟ್ಟ ಪದಸಾಮ್ಯಗಳು ಎಲ್ಲ ದ್ರಾವಿಡ ಭಾಷೆಗಳಿಗೂ ಸಾಮಾನ್ಯವೆಂದೂ ಅಂಚಿನಲ್ಲಿ ಟಿಪ್ಪಣಿ ಬರೆದು ಹಿಂದಿರುಗಿಸಿದರು. ಅವರು ಹೇಳಿದ್ದು ಸರಿಯಾಗಿತ್ತು. ನಾನು ಆ ಲೇಖನವನ್ನು ಪೆಟ್ಟಿಗೆಗೆ ಹಾಕಿದೆ. ಅದರೊಡನೆ ಆ ಪ್ರಶ್ನೆಯನ್ನೂ ಹಾಕಿಬಿಟ್ಟೆ. ಹೋರಾ ಅವರ ಚರಿತ್ರೆಯನ್ನು ಓದಿದ ಮೇಲೆ ನನಗೆ ನಾಚಿಕೆಯಾದದ್ದು ತಪ್ಪು ಮಾಡಿದ್ದಕ್ಕಲ್ಲ, ಪ್ರಶ್ನೆಯನ್ನು ಕೈಬಿಟ್ಟದ್ದಕ್ಕೆ.

ಆ ಹುಡುಗನಿಗೆ ಮರುದಿನ ಹೇಳಿದ್ದನ್ನು ಇಲ್ಲಿ ಸಂಗ್ರಹಿಸುತ್ತೇನೆ. ಹೋರಾ ಅವರ ಉತ್ತರವನ್ನು ಕಾಲ ತಿದ್ದಿತು, ಪ್ರಶ್ನೆಯನ್ನು ತಿದ್ದಲಿಲ್ಲ. ಮೀನನ್ನು ಹಿಡಿದು ಹೆಸರಿಡುವುದಕ್ಕೇ ಶಾಸ್ತ್ರ ಮುಗಿಯುತ್ತಿದ್ದ ಕಾಲದಲ್ಲಿ, ಅದು ಇಲ್ಲಿಗೆ ಹೇಗೆ ಬಂದಿತೆಂದು ಕೇಳಿ, ಬೆಟ್ಟದ ಏರಿಳಿತವನ್ನೂ ಮಳೆಯ ಹೆಚ್ಚುಕಡಿಮೆಯನ್ನೂ ಮೀನಿನ ವಂಶಚರಿತ್ರೆಯೊಳಗೆ ತಂದವರು ಅವರು. ಅವರನ್ನು ಅಲ್ಲಗಳೆದವರು ಕೂಡ ಅವರು ವರ್ಣಿಸಿದ ಮೀನುಗಳನ್ನೇ, ಅವರು ಗುರುತಿಸಿದ ನೆಲೆಗಳನ್ನೇ ಆಧಾರವಾಗಿಟ್ಟುಕೊಂಡರು. ಕೇರಳದ ಬಾವಿಗಳಲ್ಲಿ ವಾಸಿಸುವ ಕುರುಡು ಮೀನಿಗೆ 1950ರಲ್ಲಿ ಹೋರಾಗ್ಲಾನಿಸ್ ಎಂಬ ಕುಲನಾಮ ಬಂದಿತು. ಪಶ್ಚಿಮಘಟ್ಟದ ಮತ್ತೊಂದು ಮೀಸೆಮೀನಿಗೆ ಅವರು ತೀರಿಕೊಂಡ 1955ರಲ್ಲಿಯೇ ಹೋರಾಬ್ಯಾಗ್ರಸ್ ಎಂಬ ಹೆಸರಾಯಿತು. ಸಿದ್ಧಾಂತ ನಿಲ್ಲಲಿ ಬಿಡಲಿ, ಆ ಹೆಸರು ನೀರಿನಲ್ಲಿ ಈಜುತ್ತಿದೆ. ಹುಡುಗ ಏನೂ ಹೇಳದೆ ನಮಸ್ಕರಿಸಿ ಹೋದ. ಅವನೀಗ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾನೆ.

ಈಚೆಗೆ ಆ ದಿಣ್ಣೆಯ ಮೇಲೆ ನಿಂತಾಗ ಮತ್ತೊಂದು ಚಿಂತೆ ಹತ್ತುತ್ತದೆ. ಮೀನು ದಿಣ್ಣೆಯನ್ನು ದಾಟಲಾರದೆಂಬ ಒಂದು ನಂಬಿಕೆಯ ಮೇಲೆ ಹೋರಾ ಅವರ ಶಾಸ್ತ್ರ ನಿಂತಿದ್ದಿತು. ಈಗ ನಾವೇ ದಾಟಿಸುತ್ತಿದ್ದೇವೆ. ಗಂಗೆಯ ಕಾಟ್ಲಾ, ರೋಹುಗಳ ಮರಿಗಳು ನಮ್ಮ ಕೆರೆಗಳಿಗೆ ಬಂದಿವೆ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾದ ತಿಲಾಪಿಯ ಎಲ್ಲೆಲ್ಲೂ ಹಬ್ಬಿದೆ. ಕಾವೇರಿಯ ನೀರು ಬೆಂಗಳೂರಿಗೆ ಏರಿಬಂದು, ಬಳಕೆಯಾಗಿ, ಪಿನಾಕಿನಿಯ ಕಣಿವೆಗೆ ಇಳಿಯುತ್ತದೆ. ಹೆಬ್ಬಾಳ, ನಾಗವಾರ ಕಣಿವೆಗಳ ಸಂಸ್ಕರಿಸಿದ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಹೋಗುತ್ತಿದೆ. ಹಸಿದವರಿಗೆ ಮೀನು ಬೇಕು, ಬಾಯಾರಿದ ಊರಿಗೆ ನೀರು ಬೇಕು. ಬಂಗಾಳದ ಕ್ಷಾಮದ ವರ್ಷಗಳಲ್ಲಿ ಮೀನು ಸಾಕಣೆಯ ಹೊಣೆ ಹೊತ್ತ ಹೋರಾ ಅವರು ಇದನ್ನು ಆಕ್ಷೇಪಿಸುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಹಳೆಯ ಶಾಸನದ ಮೇಲೆ ಓದದೆಯೇ ಸುಣ್ಣ ಬಳಿದರೆ ಆಗುವ ನಷ್ಟವೇ ಇಲ್ಲಿಯೂ ಆಗುತ್ತಿದೆ. ಯಾವ ಹೊಳೆಯಲ್ಲಿ ಯಾವ ಮೀನು ತಾನಾಗಿ ಇದ್ದಿತೆಂಬುದನ್ನು ಬರೆದಿಟ್ಟುಕೊಳ್ಳುವ ಮೊದಲೇ ಅದು ಅಳಿಸಿಹೋಗುತ್ತಿದೆ.

ಕಳೆದ ಮಳೆಗಾಲದಲ್ಲಿ ಆ ಹುಡುಗ ಒಂದು ಬಲೆಯನ್ನೂ ನಾಲ್ಕು ಗಾಜಿನ ಸೀಸೆಗಳನ್ನೂ ಹಿಡಿದು ನಮ್ಮ ಮನೆಗೆ ಬಂದಿದ್ದ. ದಿಣ್ಣೆಯ ಈ ಮಗ್ಗುಲಿನ ಕೆರೆಯಲ್ಲಿಯೂ ಆ ಮಗ್ಗುಲಿನ ಹಳ್ಳದಲ್ಲಿಯೂ ಉಳಿದಿರುವ ನಾಡಮೀನುಗಳು ಯಾವುವೆಂದು ಪಟ್ಟಿ ಮಾಡಬೇಕೆಂಬುದು ಅವನ ಅಪೇಕ್ಷೆ. ಊರಿನ ಹಿರಿಯರಿಂದ ಮೀನುಗಳ ಕನ್ನಡ ಹೆಸರುಗಳನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ನನಗೆ ಒಪ್ಪಿಸಿದ. ನಾನು ಪೆಟ್ಟಿಗೆಯಿಂದ ಹಳೆಯ ನೋಟುಪುಸ್ತಕವನ್ನು ತೆಗೆದುಕೊಂಡು ಅವನ ಹಿಂದೆ ಹೊರಟೆ.